ಒಂಟಿ ಮೀನಿಗೊಂದು ಜೊತೆ

ನಮ್ಮಪ್ಪ ಊಟ ಬಿಟ್ಟಿದ್ದಕ್ಕೂ ನಾನು ಮಂಡ್ಯದಿಂದ ಸಮುದ್ರದ ಮೀನು ತಂದಿದ್ದಕ್ಕೂ ಸಂಬಂಧ ಇದೆ ಎಂದರೆ ನಮ್ಮ ಸ್ಟಾಫ್ ರೂಮಿನಲ್ಲಿ ಯಾರೂ ನಂಬುತ್ತಿರಲಿಲ್ಲ. ಅದಕ್ಕೇ ನಾನು ಯಾರಿಗೂ ಹೇಳಲಿಲ್ಲ. ಮಳವಳ್ಳಿಯ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ನನಗೆ ಸಿಡುಕಿ ಎಂಬ ಹೆಸರು ಮೊದಲೇ ಇದೆ. ಅದರ ಮೇಲೆ ತಲೆಕೆಟ್ಟವಳು ಎಂದೂ ಅನ್ನಿಸಿಕೊಳ್ಳುವ ಆಸೆ ಇರಲಿಲ್ಲ.

ಅವ್ವ ಹೋದದ್ದು ಮಾಗಿಯ ಚಳಿಯಲ್ಲಿ. ಮುತ್ತತ್ತಿಯಲ್ಲಿ ಹೊಳೆಗೆ ಬೂದಿ ಬಿಟ್ಟು, ತಿಥಿ ಮುಗಿದ ಮೇಲೆ ಅಪ್ಪನನ್ನು ಪೂರಿಗಾಲಿಯಿಂದ ನಮ್ಮ ಮನೆಗೆ ಕರೆದುಕೊಂಡು ಬಂದೆ. ಊರಲ್ಲಿ ತಮ್ಮನ ಸಂಸಾರ ಇದೆ, ಹೊಲಗದ್ದೆ ಅವನೇ ನೋಡಿಕೊಳ್ಳುತ್ತಾನೆ, ಅಪ್ಪನಿಗೆ ಅಲ್ಲಿ ಏನೂ ಕಡಿಮೆ ಇರಲಿಲ್ಲ. ಆದರೆ ಅವನು ದಿನವಿಡೀ ಅಡುಗೆಮನೆಯ ಬಾಗಿಲು ನೋಡುತ್ತಾ ಕೂತುಬಿಡುತ್ತಿದ್ದ. ತಟ್ಟೆ ಇಟ್ಟರೆ ಮುದ್ದೆಯ ಒಂದು ಮೂಲೆ ಮುರಿದು ಕೈ ತೊಳೆಯುತ್ತಿದ್ದ. ಜಾಗ ಬದಲಾದರೆ ಸರಿಹೋಗುತ್ತಾನೆ ಎಂದುಕೊಂಡು ಕರೆತಂದೆ. ಸರಿಹೋಗಲಿಲ್ಲ. ಡಾಕ್ಟರು ರಕ್ತ, ಎದೆ ಎಲ್ಲ ಪರೀಕ್ಷೆ ಮಾಡಿಸಿ, "ಕಾಯಿಲೆ ಏನೂ ಕಾಣ್ತಿಲ್ಲ ಮೇಡಂ, ಅವರಿಗೇ ಬೇಡ ಆಗಿದೆ. ಹಿಂಗೇ ಬಿಟ್ರೆ ಉಳಿಯೋದು ಕಷ್ಟ" ಎಂದರು. ಅವ್ವನನ್ನು ಕಳೆದುಕೊಂಡ ವರ್ಷವೇ ಅಪ್ಪನನ್ನೂ ಕಳೆದುಕೊಳ್ಳುತ್ತೇನೆ ಎಂಬ ಹೆದರಿಕೆ ಅವತ್ತಿನಿಂದ ನನಗೆ ಹತ್ತಿಕೊಂಡಿತು.

ಮನೆಯಲ್ಲಿ ಉಪ್ಪುನೀರಿನ ಮೀನಿನ ತೊಟ್ಟಿ ಇದ್ದದ್ದು ಅವ್ವನ ದೆಸೆಯಿಂದ. ಅವಳನ್ನು ಸ್ಕ್ಯಾನಿಂಗಿಗೆಂದು ಮಂಡ್ಯಕ್ಕೆ ಕರೆದೊಯ್ದಾಗ ಆಸ್ಪತ್ರೆಯ ಹಜಾರದಲ್ಲಿ ಒಂದು ಗಾಜಿನ ತೊಟ್ಟಿ ಇತ್ತು. ಅದರಲ್ಲಿ ಕೇಸರಿ ಮೈಮೇಲೆ ಮೂರು ಬಿಳಿ ಪಟ್ಟೆಯ ಎರಡು ಮೀನು. ಅವ್ವ ತನ್ನ ಸರದಿ ಕೂಗಿದ್ದೂ ಕೇಳಿಸದೆ ಅದರ ಮುಂದೆ ನಿಂತಿದ್ದಳು. "ಗದ್ಲ ಇಲ್ಲ, ಗಲಾಟೆ ಇಲ್ಲ, ಎಸ್ಟ್ ನೆಮ್ದಿಯಾಗವೆ ನೋಡವ್ವ" ಎಂದಳು. ಕಾಯಿಲೆ ವಾಸಿಯಾಗುವುದಲ್ಲ ಎಂದು ಗೊತ್ತಾದ ವಾರವೇ ನಾನು ತೊಟ್ಟಿಯನ್ನೂ ಅಂಥವೇ ಎರಡು ಮೀನನ್ನೂ ತಂದೆ, ಒಂದು ದೊಡ್ಡದು, ಒಂದು ಸಣ್ಣದು. ನಮ್ಮ ಯಜಮಾನರು ಕರೆಂಟಾಫೀಸಿನಲ್ಲಿ ಕೆಲಸದಲ್ಲಿದ್ದಾರೆ. "ಸಾರಿಗೂ ಬರದ ಮೀನಿಗೆ ಇಷ್ಟು ಸಡಗರವಾ" ಎಂದು ರೇಗಿಸುತ್ತಲೇ, ಕರೆಂಟು ಹೋದಾಗ ತೊಟ್ಟಿಯ ಮೋಟಾರು ನಿಲ್ಲದಂತೆ ಬ್ಯಾಟರಿ ಜೋಡಿಸಿಕೊಟ್ಟರು. ಕೊನೆಯ ಕೆಲವು ತಿಂಗಳು ಅವ್ವ ನಮ್ಮ ಮನೆಯಲ್ಲಿದ್ದಾಗಲೆಲ್ಲ ಅದರ ಮುಂದೆಯೇ ಇದ್ದಳು.

ಅವಳು ಕೂರುತ್ತಿದ್ದ ಬೆತ್ತದ ಕುರ್ಚಿಯಲ್ಲೇ ಅಪ್ಪನೂ ಕೂತ. ಮೊದಮೊದಲು ಸುಮ್ಮನೆ ನೋಡುತ್ತಿದ್ದ. ಆಮೇಲೆ ಸಣ್ಣದು ಎಲ್ಲಿ ಹೋಯಿತು, ದೊಡ್ಡದು ಯಾಕೆ ಕಲ್ಲಿನ ಸಂದಿ ಬಿಟ್ಟು ಬರುವುದಿಲ್ಲ ಎಂದು ಕೇಳತೊಡಗಿದ. ನಾನು ತಟ್ಟೆಯನ್ನು ಅಲ್ಲಿಗೇ ಒಯ್ದೆ. ಮೀನು ನೋಡುತ್ತಾ ನೋಡುತ್ತಾ ಅರ್ಧ ಮುದ್ದೆ ಇಳಿಯಿತು. ನಾನು ಅಡುಗೆಮನೆಗೆ ಹೋಗಿ ಅತ್ತೆ.

ಆದರೆ ಅದು ಬಹಳ ದಿನ ನಡೆಯಲಿಲ್ಲ. ಬೇಸಿಗೆಯಲ್ಲೊಂದು ಬೆಳಿಗ್ಗೆ ಅಪ್ಪ ನನ್ನನ್ನು ಕೂಗಿದ. ವೈರು ಒಳಹೋಗಲು ಮುಚ್ಚಳದಲ್ಲಿ ಬಿಟ್ಟಿದ್ದ ಸಂದಿಯಿಂದ ಸಣ್ಣ ಮೀನು ಹೊರಗೆ ಹಾರಿತ್ತು. ನೆಲದ ಮೇಲೆ ಒಣಗಿ ಬಿದ್ದಿತ್ತು. ಅಪ್ಪ ಅದನ್ನು ಅಂಗೈಯಲ್ಲಿಟ್ಟುಕೊಂಡು ನಿಂತಿದ್ದ. ಅಂದಿನಿಂದ ತಟ್ಟೆ ಹೋದ ಹಾಗೆಯೇ ವಾಪಸು ಬರತೊಡಗಿತು. ಉಳಿದ ದೊಡ್ಡ ಮೀನೂ ಮೂಲೆ ಹಿಡಿಯಿತು. ನಾನು ಉಣ್ಣು ಎಂದು ಗದರಿದಾಗ ಅಪ್ಪ ತೊಟ್ಟಿಯ ಕಡೆ ಕೈ ತೋರಿಸಿದ.

"ಜೊತೆ ತಪ್ಪಿದ ಎತ್ತು ಮೇವ್ ಮುಟ್ಟಾಕಿಲ್ಲ ಕಣವ್ವ. ಬಲವಂತ ಮಾಡ್ಬ್ಯಾಡ."

ಮೀನಿನ ಬಗ್ಗೆ ಹೇಳಿದನೋ ತನ್ನ ಬಗ್ಗೆ ಹೇಳಿದನೋ ಎಂದು ನಾನು ಕೇಳಲಿಲ್ಲ. "ಹಾಗಾದರೆ ಜೊತೆ ತರೋಣ" ಎಂದೆ. ಅಪ್ಪ ತಲೆಯೆತ್ತಿ ನನ್ನ ಮುಖ ನೋಡಿದ. ಎಷ್ಟೋ ತಿಂಗಳ ಮೇಲೆ ಅವನು ನನ್ನನ್ನು ಹಾಗೆ ನೋಡಿದ್ದು.

ಅಪ್ಪನ ವಿಷಯ ಗೊತ್ತಿಲ್ಲದವರಿಗೆ ಇಲ್ಲೊಂದು ಮಾತು ಹೇಳಬೇಕು. ನಮ್ಮ ಸೀಮೆಯಲ್ಲಿ ಹಳ್ಳಿಕಾರ್ ಎತ್ತು ಸಾಕುವವರು ಎತ್ತನ್ನು ಒಂದೊಂದಾಗಿ ನೋಡುವುದಿಲ್ಲ, ಜೊತೆ ನೋಡುತ್ತಾರೆ. ಎತ್ತರ ಒಂದೇ ಇರಬೇಕು, ಕೊಂಬು ಒಂದೇ ಬಾಗಿಗೆ ಬಂದಿರಬೇಕು, ಬಣ್ಣ, ಹಲ್ಲು, ನಡಿಗೆ, ಕೊನೆಗೆ ಸಿಟ್ಟು ಕೂಡ ಸಮ ಇರಬೇಕು. ಒಂದು ಸತ್ತರೆ ಉಳಿದದ್ದಕ್ಕೆ ಜೊತೆ ಹುಡುಕುವುದು ದೊಡ್ಡ ಕೆಲಸ. ಆ ಕೆಲಸಕ್ಕೆ ನಮ್ಮಪ್ಪನನ್ನು ಸುತ್ತಮುತ್ತಲ ಹಳ್ಳಿಯವರು ಕರೆದೊಯ್ಯುತ್ತಿದ್ದರು. ಅವನು ಕೂಡಿಸಿದ ಜೊತೆ ತಪ್ಪಿದ್ದಿಲ್ಲ ಎಂಬುದು ಮಾತು. ಅಪ್ಪ ಅವ್ವ ಇಬ್ಬರನ್ನೂ ತೋರಿಸಿ "ಜೋಡೆತ್ತಿನಂಗವ್ರೆ ಗಂಡ ಎಡ್ತಿ" ಎನ್ನುತ್ತಿದ್ದರು ಊರಿನವರು. ಅಪ್ಪ ಆ ಮಾತಿಗೆ ಮೀಸೆ ತಿರುವುತ್ತಿದ್ದ.

ಹೊಸ ಮೀನು ಯಾವುದಿರಬೇಕು ಎಂದು ನಾವಿಬ್ಬರೂ ಮೊಬೈಲಿನಲ್ಲಿ ಚಿತ್ರ ನೋಡುತ್ತಾ ಕೂತೆವು. ಇದರ ಹೆಸರು ಕ್ಲೌನ್ ಫಿಶ್, ಆದರೆ ಆ ಹೆಸರಿನಲ್ಲಿ ಬರುವುದೆಲ್ಲ ಒಂದೇ ಅಲ್ಲ. ಎರಡೇ ಪಟ್ಟೆಯದು ಬೇರೆ ಜಾತಿ. ಮೈ ಕಡುಗೆಂಪಾಗಿ ಕೆನ್ನೆಯ ಮೇಲೆ ಮುಳ್ಳಿರುವುದು ಇನ್ನೊಂದು, ಅದು ಜಗಳಗಂಟಿ. ಮತ್ತೊಂದು ನೋಡಲು ಥೇಟ್ ನಮ್ಮದರ ಹಾಗೆಯೇ, ಪಟ್ಟೆಯ ಅಂಚಿನ ಕಪ್ಪು ಮಾತ್ರ ದಪ್ಪ. ನಾನು ಹೆಸರುಗಳಲ್ಲಿ ಗೋಜಲಾದರೆ ಅಪ್ಪ ಹೆಸರಿನ ಗೊಡವೆಗೇ ಹೋಗಲಿಲ್ಲ. ತೊಟ್ಟಿಯ ಮೀನನ್ನು ನೋಡಿ, ಚಿತ್ರ ನೋಡಿ, "ನಮ್ದುಕ್ಕೆ ನಡುಪಟ್ಟೆ ಮುಂದುಕ್ ಉಬ್ಬೈತೆ. ಕಪ್ಪು ಗೆರೆ ತೆಳ್ಳಗೈತೆ. ಅಂತದ್ನೇ ನೋಡು" ಎಂದ. ಅಂಥದ್ದೇ ಸರಿಯೂ ಆಗಿತ್ತು. ಗಾಜಿಗೆ ತನ್ನ ನಡುಬೆರಳು ಒತ್ತಿ ಹಿಡಿದು ಮೀನಿನ ಉದ್ದ ಅಳೆದುಕೊಂಡ.

"ಇದು ಗಂಡೋ ಎಣ್ಣೋ?"

"ನೋಡಿದರೆ ಗೊತ್ತಾಗೋದಿಲ್ಲವಂತೆ ಕಣಪ್ಪ."

"ಗೊತ್ತಾಗ್ದೆ ಏನು. ಆ ಗತ್ತು ನೋಡು. ಗಂಡೇ."

ಮೀನು ತರುವ ಮೊದಲು ಮನೆ ಸಿದ್ಧವಾಗಬೇಕು. ಹೊಸದನ್ನು ತಂದ ಕೂಡಲೇ ದೊಡ್ಡ ತೊಟ್ಟಿಗೆ ಬಿಡುವಂತಿಲ್ಲ, ರೋಗವಿದ್ದರೆ ಹಳೆಯದಕ್ಕೂ ಅಂಟುತ್ತದೆ. ಬೇರೊಂದು ಸಣ್ಣ ತೊಟ್ಟಿಯಲ್ಲಿ ಕೆಲವು ವಾರ ಇಟ್ಟು ನೋಡಬೇಕು. ಇದನ್ನು ಅಪ್ಪನಿಗೆ ಹೇಗೆ ವಿವರಿಸುವುದೆಂದು ನಾನು ಯೋಚಿಸುತ್ತಿದ್ದರೆ ಅವನೇ ತಲೆಯಾಡಿಸಿದ. ಹೊಸ ಎತ್ತು ತಂದಾಗ ಕಾಲುಬಾಯಿ ಜ್ವರದ ಭಯಕ್ಕೆ ಕೊಟ್ಟಿಗೆಗೆ ಸೇರಿಸದೆ ಹಿತ್ತಲಲ್ಲಿ ಕಟ್ಟುತ್ತಿದ್ದದ್ದು ಅವನೇ ತಾನೆ.

ನೀರಿನದು ದೊಡ್ಡ ತಾಪತ್ರಯ. ನಲ್ಲಿಯ ನೀರಿನಲ್ಲಿ ಔಷಧಿ, ಬೋರಿನ ನೀರಿನಲ್ಲಿ ಸುಣ್ಣ. ನಾಣ್ಯ ಹಾಕಿದರೆ ಕುಡಿಯುವ ನೀರು ಬರುವ ಘಟಕದಿಂದ ಕ್ಯಾನು ತುಂಬಿಸಿ ಸ್ಕೂಟರಿನಲ್ಲಿ ತರುತ್ತಿದ್ದೆ. ನಾನು ಮತ್ತೆ ಮತ್ತೆ ಹೋಗುವುದನ್ನು ನೋಡಿ ಸಾಲಿನಲ್ಲಿದ್ದ ಹೆಂಗಸೊಬ್ಬಳು "ನೆಂಟ್ರು ಬತ್ತಾವ್ರಾ ಮಿಸ್ಸು?" ಎಂದಳು. ಹೌದು ಎಂದೆ. ಆ ನೀರಿಗೆ ಸಮುದ್ರದ ಮೀನಿಗೆಂದೇ ಬರುವ ಪುಡಿ ಉಪ್ಪು ಬೆರೆಸಿ, ಒಂದು ದಿನ ಮೋಟಾರಿನಲ್ಲಿ ತಿರುಗಲು ಬಿಟ್ಟು, ಉಪ್ಪಿನಂಶ ತೋರಿಸುವ ಗಾಜಿನ ತೇಲು ಹಾಕಿ ಅಳತೆ ನೋಡಬೇಕು. ತೇಲು ಗೆರೆಯ ಮೇಲೆ ನಿಂತರೆ ಸೈ, ಇಲ್ಲದಿದ್ದರೆ ಇನ್ನಷ್ಟು ಉಪ್ಪು ಅಥವಾ ಇನ್ನಷ್ಟು ನೀರು. ಅಪ್ಪ ಬಕೆಟ್ಟಿನ ಪಕ್ಕ ಕೂತು ಮರದ ಸೌಟಿನಿಂದ ಕದಡಿದ. ಮುಚ್ಚಳದ ಸಂದಿಗೆ ಸೊಳ್ಳೆಪರದೆಯ ಬಲೆ ಕಟ್ಟಿದವನೂ ಅವನೇ. ಗಂಟಿನ ಮೇಲೆ ಗಂಟು ಹಾಕಿದ. ಆ ದಿನಗಳಲ್ಲಿ ಅವನು ಕೇಳಿ ಊಟ ಹಾಕಿಸಿಕೊಂಡಿದ್ದುಂಟು.

ಮಂಡ್ಯಕ್ಕೆ ಹೊರಟ ದಿನ ಅಪ್ಪ ಒಗೆದ ಪಂಚೆ ಉಟ್ಟು, ಹೆಗಲಿಗೆ ಟವೆಲ್ ಹಾಕಿ, ಎತ್ತು ಕೊಳ್ಳಲು ಹೊರಟವನ ಹಾಗೆಯೇ ತಯಾರಾದ. ಮದ್ದೂರಿನಲ್ಲಿ ಬಸ್ಸು ಬದಲಾಯಿಸಿದೆವು. ಮೀನಿನ ಅಂಗಡಿಯವನು ಹೇಳಿ ತರಿಸಿದ್ದ ಮೀನುಗಳು ಸಾಲು ತೊಟ್ಟಿಗಳಲ್ಲಿ ಇದ್ದವು. ಅಪ್ಪ ಯಾವುದನ್ನೂ ಆತುರದಿಂದ ನೋಡಲಿಲ್ಲ. ಪ್ರತಿಯೊಂದರ ಮುಂದೆಯೂ ನಿಂತು, ಬಾಗಿ, ಅದು ತಿರುಗುವುದನ್ನು, ಮೇಲೆ ಬರುವುದನ್ನು ನೋಡಿದ. ಅಂಗಡಿಯವನು ಒಂದು ಚಿಕ್ಕ ಮೀನು ತೋರಿಸಿ, "ಇದನ್ನ ತಗೊಳ್ಳಿ ಅಜ್ಜ, ಚಿಕ್ಕದು ಬೇಗ ಒಂದ್ಕೊತದೆ" ಎಂದ. ಮೊಬೈಲಿನಲ್ಲಿ ಓದಿದ್ದ ಲೇಖನದಲ್ಲೂ ಹಾಗೇ ಇದ್ದದ್ದು ನನಗೆ ನೆನಪಿತ್ತು.

ಅಪ್ಪ ಒಪ್ಪಲಿಲ್ಲ. "ಬೆಳ್ದ ಎತ್ಗೆ ಎಳೆಗರ ಕಟ್ಟಿ ಗಾಡಿ ಒಡಿಯಕ್ಕಾದದೇನಪ್ಪ? ಎತ್ತು ಏರಿಗೆಳೀತು, ಕೋಣ ನೀರಿಗೆಳೀತು ಅನ್ನಂಗಾಯ್ತದೆ. ಸಮ ಇರ್ಬೇಕು." ಕೊನೆಯ ತೊಟ್ಟಿಯ ಒಂದು ಮೀನಿಗೆ ಬೆರಳು ಹಿಡಿದ. ಉದ್ದ, ಬಣ್ಣ, ಪಟ್ಟೆಯ ಉಬ್ಬು, ಗತ್ತು, ಎಲ್ಲವೂ ನಮ್ಮ ಮೀನಿನ ಪಡಿಯಚ್ಚು. ಅವನ ಮುಖದಲ್ಲಿ ಹಳೆಯ ಕಳೆ ಬಂದಿತ್ತು. ಆ ಮುಖ ನೋಡಿದ ಮೇಲೆ ಲೇಖನದ ಮಾತು ಹೇಳುವ ಮನಸ್ಸು ನನಗೆ ಬರಲಿಲ್ಲ. ವಾಪಸು ಬರುವಾಗ ಥರ್ಮಾಕೋಲಿನ ಡಬ್ಬಿಯನ್ನು ಅವನು ತೊಡೆಯ ಮೇಲಿಂದ ಇಳಿಸಲಿಲ್ಲ.

ಸಣ್ಣ ತೊಟ್ಟಿಯಲ್ಲಿ ಹೊಸ ಮೀನು ಚೆನ್ನಾಗಿಯೇ ಇತ್ತು. ಮೈಮೇಲೆ ಚುಕ್ಕೆ ಇಲ್ಲ, ಉಸಿರಾಟ ಸಲೀಸು, ಹಾಕಿದ್ದು ತಿನ್ನುತ್ತದೆ. ವಾರಗಳು ಕಳೆದವು. ಅಪ್ಪ ಎರಡೂ ತೊಟ್ಟಿಗಳ ನಡುವೆ ಓಡಾಡುತ್ತಿದ್ದ, ತಾನೂ ಉಣ್ಣುತ್ತಿದ್ದ. ನಾನು ಡಾಕ್ಟರಿಗೆ ಫೋನು ಮಾಡಿ ಹೇಳಿದೆ. ಒಳ್ಳೆ ದಿನ ನೋಡಿ ದೊಡ್ಡ ತೊಟ್ಟಿಗೆ ಬಿಡೋಣ ಎಂದ ಅಪ್ಪ. ಸೋಮವಾರ ಬಸವಣ್ಣನ ದಿನ, ಅಂದೇ ಬಿಟ್ಟೆವು.

ಬಿಟ್ಟ ಗಳಿಗೆಯಲ್ಲೇ ಹಳೆಯದು ನುಗ್ಗಿ ಬಂತು. ಹೊಸದೂ ಹಿಂಜರಿಯಲಿಲ್ಲ. ಎರಡೂ ಬಾಯಿಗೆ ಬಾಯಿ ಕಚ್ಚಿ ತಿರುಗಿದವು. ಅಪ್ಪ "ಮೊದ್ಲ ದಿನ ನೊಗ ಕಟ್ದಾಗ ಅಂಗೇ, ಸರೋಯ್ತವೆ" ಎಂದ. ನಾನು ಶಾಲೆಗೆ ಹೋದೆ. ಸಂಜೆ ಬರುವಷ್ಟರಲ್ಲಿ ಹೊಸ ಮೀನಿನ ರೆಕ್ಕೆ ಹರಿದು ಚಿಂದಿಯಾಗಿತ್ತು. ಅಪ್ಪ ತೋಳಿನವರೆಗೆ ಒದ್ದೆಯಾಗಿ ತೊಟ್ಟಿಯ ಪಕ್ಕ ನಿಂತಿದ್ದ. ಬಿಡಿಸಲು ಕೈ ಹಾಕಿದ್ದನಂತೆ. ಬಲೆಯಲ್ಲಿ ಎತ್ತಿ ಸಣ್ಣ ತೊಟ್ಟಿಗೆ ಹಾಕಿದೆ. ಮಾರನೆಯ ದಿನ ಅದು ಸತ್ತಿತು.

ನಾನು ಅಂಗಡಿಯವನಿಗೆ ಫೋನು ಮಾಡಿ ರೇಗಾಡಿದೆ. ಅವನು ಎಲ್ಲ ಕೇಳಿಸಿಕೊಂಡು ಹೇಳಿದ್ದಿಷ್ಟು: ಈ ಮೀನುಗಳಲ್ಲಿ ದೊಡ್ಡದು ಯಾವಾಗಲೂ ಹೆಣ್ಣು, ಗಂಡು ಚಿಕ್ಕದು. ಒಂದೇ ಅಳತೆಯ ಎರಡು ದೊಡ್ಡವನ್ನು ಕೂಡಿಸಿದರೆ ಎರಡೂ ಹೆಣ್ಣೇ ಆಗಿ, ಒಂದು ಸಾಯುವ ತನಕ ಬಿಡುವುದಿಲ್ಲ. ಅಜ್ಜನಿಗೆ ಹೇಳಿದೆನಲ್ಲ ಮೇಡಂ ಎಂದ. ನಾನು ಫೋನಿಟ್ಟೆ. ಗಂಡು ಹೆಣ್ಣಿನ ಸಂಗತಿ ಅಪ್ಪನಿಗೆ ಹೇಳಲಿಲ್ಲ. ಚಿಕ್ಕದೇ ತರಬೇಕಿತ್ತಂತೆ ಎಂದಷ್ಟೇ ಹೇಳಿದೆ.

"ನಾನ್ ಕೂಡ್ಸಿದ್ ಜೊತೆ ಕೂಡ್ಲಿಲ್ಲ" ಎಂದ ಅಪ್ಪ. ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡ. ಮೊದಲು ಬರೀ ಹಸಿವಿರಲಿಲ್ಲ, ಈಗ ತನ್ನ ಕಣ್ಣಿನ ಮೇಲೆಯೇ ನಂಬಿಕೆ ಹೋಗಿತ್ತು. ತುತ್ತು ಕಲಸಿ ಕೊಟ್ಟರೆ ನುಂಗುತ್ತಿದ್ದ, ಕೊಡದಿದ್ದರೆ ಇಲ್ಲ. ಪಂಚೆ ಸೊಂಟದಲ್ಲಿ ನಿಲ್ಲದಷ್ಟು ಇಳಿದುಹೋದ.

ಎರಡನೆಯ ಸಲ ಮಂಡ್ಯಕ್ಕೆ ನಾನೊಬ್ಬಳೇ ಹೋದೆ. ಹೆಬ್ಬೆರಳ ಗೆಣ್ಣಿನಷ್ಟಿದ್ದ ಮರಿ ತಂದೆ. ಪಟ್ಟೆ, ಉಬ್ಬು, ಗೆರೆ ಎಲ್ಲ ನೋಡಿಯೇ ತಂದೆ. ಮತ್ತೆ ಕ್ಯಾನು, ಮತ್ತೆ ಉಪ್ಪು, ಮತ್ತೆ ವಾರಗಟ್ಟಲೆ ಕಾಯುವುದು. ಈ ಸಲ ಕದಡಲು ಅಪ್ಪ ಬರಲಿಲ್ಲ. ನನಗೆ ಸಿಟ್ಟು ಬರುತ್ತಿತ್ತು, ಯಾರ ಮೇಲೆ ಎಂದು ಗೊತ್ತಾಗುತ್ತಿರಲಿಲ್ಲ.

ಮರಿಯನ್ನು ದೊಡ್ಡ ತೊಟ್ಟಿಗೆ ಬಿಟ್ಟದ್ದು ಒಂದು ಭಾನುವಾರ ಮಧ್ಯಾಹ್ನಕ್ಕೆ ಮೊದಲು. ಎಲ್ಲೋ ಲೈನು ಕೆಟ್ಟಿದೆಯೆಂದು ಯಜಮಾನರು ಡ್ಯೂಟಿಗೆ ಹೋಗಿದ್ದರು. ಅಪ್ಪನ ಕುರ್ಚಿಯನ್ನು ನಾನೇ ತೊಟ್ಟಿಯ ಕಡೆ ತಿರುಗಿಸಿದೆ. ಬೇಡ ಎನ್ನಲೂ ಅವನಿಗೆ ಶಕ್ತಿ ಇರಲಿಲ್ಲ. ನೋಡಿದರೆ ನೋಡಲಿ ಎಂದು ಮರಿಯಿದ್ದ ಬಟ್ಟಲನ್ನು ನೀರಿಗೆ ಬಗ್ಗಿಸಿದೆ.

ದೊಡ್ಡದು ಕಲ್ಲಿನ ಸಂದಿಯಿಂದ ಅದೇ ರಭಸದಲ್ಲಿ ನುಗ್ಗಿತು. ನಾನು ಬಲೆ ಹಿಡಿದು ನಿಂತಿದ್ದೆ. ಮರಿ ಓಡಲಿಲ್ಲ. ಇದ್ದಲ್ಲೇ ಒಂದು ಮಗ್ಗುಲಿಗೆ ಬಾಗಿ, ತಲೆ ತಗ್ಗಿಸಿ, ಮೈಯೆಲ್ಲ ಗದಗದ ನಡುಗಿತು. ದೊಡ್ಡದು ಮುಂದೆ ಬಂದು ನಿಂತಿತು. ಕಚ್ಚಲಿಲ್ಲ. ಸುತ್ತ ಒಂದು ಸುತ್ತು ಬಂದು ತನ್ನ ಸಂದಿಗೆ ಹೊರಟಿತು. ಮರಿ ಸ್ವಲ್ಪ ದೂರ ಬಿಟ್ಟು ಹಿಂದೆಯೇ ಹೋಯಿತು. ಅದು ತಿರುಗಿ ನೋಡಿದಾಗಲೆಲ್ಲ ಇದು ಬಾಗಿ ನಡುಗುತ್ತಿತ್ತು. ಕೂಡಿಕೊಂಡಿತು ಎನ್ನುವುದಕ್ಕೆ ಆ ನಡುಕವೇ ಗುರುತು ಎಂದು ನಾನು ಓದಿದ್ದೆ. ನನಗೆ ಆದ ಸಂತೋಷಕ್ಕೆ ಬಲೆ ಕೈಜಾರಿ ಬಿತ್ತು.

"ಯಾಕಂಗ್ ನಡುಗ್ತೈತೆ ಅದು?" ಅಪ್ಪ ಕೇಳಿದ.

"ಹೊಡೀಬೇಡ, ನೀನು ಹೇಳಿದಂಗೆ ಇರ್ತೀನಿ ಅಂತೈತೆ ಕಣಪ್ಪ. ಇನ್ನು ಜಗಳ ಇಲ್ಲ. ಜೊತೆ ಆಯ್ತು."

ತಿರುಗಿ ನೋಡಿದರೆ ಅಪ್ಪನ ಗಲ್ಲ ಅದುರುತ್ತಿತ್ತು.

"ನಿಮ್ಮವ್ವ ನನ್ ಮುಂದೆ ಇಂಗೇ ನಿಂತ್ಕೋತಿದ್ಲು" ಎಂದ. ತೊಟ್ಟಿಯಿಂದ ಕಣ್ಣು ತೆಗೆಯದೆ, "ನಾನದ್ನ ಮರ್ವಾದೆ ಅನ್ಕೊಂಡಿದ್ದೆ ಕಣ್ ಮಗ" ಎಂದ.

ಅಪ್ಪ ಅವ್ವನ ಮೇಲೆ ಕೈ ಮಾಡಿದವನಲ್ಲ. ಆದರೆ ಹಟ್ಟಿಯಲ್ಲಿ ಅವನ ಕೆಮ್ಮು ಕೇಳಿದರೆ ಅವ್ವನ ಕೈಯಲ್ಲಿದ್ದ ಪಾತ್ರೆ ಸದ್ದು ಮಾಡುತ್ತಿತ್ತು. ಸಾರಿಗೆ ಉಪ್ಪು ಹೆಚ್ಚಾದರೆ ಅವನು ಏನೂ ಅನ್ನದೆ ಎದ್ದು ಹೋಗುತ್ತಿದ್ದ, ಅವ್ವ ಆ ದಿನವೆಲ್ಲ ಬಾಗಿಲ ಹಿಂದೆ ಸೆರಗು ಹಿಡಿದುಕೊಂಡು ನಿಂತಿರುತ್ತಿದ್ದಳು. ಸರೀಕರೆಲ್ಲ ಜೋಡೆತ್ತು ಎನ್ನುವಾಗ ನನಗೆ ಮೈ ಉರಿಯುತ್ತಿತ್ತು. ಇದನ್ನು ಒಂದಲ್ಲ ಒಂದು ದಿನ ಅಪ್ಪನ ಮುಖಕ್ಕೆ ಹೇಳಬೇಕೆಂದು ಹುಡುಗಿಯಾಗಿದ್ದಾಗಿನಿಂದ ಮಾತು ಕಟ್ಟಿಟ್ಟುಕೊಂಡಿದ್ದೆ. ಈಗ ಹೇಳುವುದಕ್ಕೆ ಏನೂ ಉಳಿದಿರಲಿಲ್ಲ. ಅವನೇ ಹೇಳಿಬಿಟ್ಟಿದ್ದ.

"ದೊಡ್ದು ಗಂಡಲ್ವಾ?" ಎಂದು ಅಪ್ಪ ಕೇಳಿದ.

"ಅಲ್ಲ ಕಣಪ್ಪ. ದೊಡ್ಡದು ಹೆಣ್ಣು. ನಡುಗ್ತಿರೋದು ಗಂಡು."

ಅಪ್ಪ ಬಹಳ ಹೊತ್ತು ಎರಡನ್ನೂ ನೋಡಿದ. "ಅಂಗೂ ಐತಾ ಲೋಕ್ದಲ್ಲಿ" ಎಂದ. ಟವೆಲಿನಿಂದ ಮುಖ ಒರೆಸಿಕೊಂಡು, "ಒಟ್ಟೆ ಅಸೀತೈತೆ, ಇಕ್ಕು" ಎಂದ.

ನಾನು ಓಡಿದೆ. ಮುದ್ದೆ ಬಿಸಿಯಾಗಿಯೇ ಇತ್ತು, ಸೊಪ್ಪಿನ ಸಾರು ಕಾಯಿಸಿದೆ. ಅವನ ಮುಂದೆ ತಟ್ಟೆ ಇಟ್ಟು, ಬಡಿಸಿ, ಎಂದಿನ ಹಾಗೆ ಸಾರಿನ ಪಾತ್ರೆ ಹಿಡಿದು ಪಕ್ಕದಲ್ಲಿ ನಿಂತೆ. ಗಂಡಸರು ಉಂಡು ಎದ್ದ ಮೇಲೆ ಹೆಂಗಸರು ಕೂರುವುದು ಪೂರಿಗಾಲಿಯ ಮನೆಯ ಕ್ರಮ. ನಾನು ಸಂಬಳ ತರುವವಳಾದರೂ ಅಪ್ಪ ಬಂದ ಮೇಲೆ ನನ್ನ ಮನೆಯಲ್ಲೂ ಅದೇ ನಡೆದಿತ್ತು. ಅವ್ವ ಬದುಕಿರುವಷ್ಟು ದಿನವೂ ಅಪ್ಪನ ಎದುರು ಕೂತು ಉಂಡದ್ದನ್ನು ನಾನು ಕಂಡಿಲ್ಲ.

ಅಪ್ಪ ತುತ್ತು ಮುರಿಯಲಿಲ್ಲ. ತಲೆ ಎತ್ತದೆಯೇ, "ನಿಂತ್ಕೋಬ್ಯಾಡ. ನೀನೂ ಒಂದ್ ತಟ್ಟೆ ತಗಂಡ್ ಬಂದ್ ಕುಂತ್ಕೊ" ಎಂದ.

ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ, ಕೆಟ್ಟ ಸಿಟ್ಟು ಬಂತು. ಆ ಮಾತು ನನಗೆ ಬರಬೇಕಾದದ್ದಲ್ಲ, ಅವ್ವನಿಗೆ. ಅವಳು ಅಷ್ಟು ವರ್ಷ ನಿಂತು ಬಡಿಸಿ ಸಂಪಾದಿಸಿದ್ದು, ಅವಳಿಗೆ ಸಿಗದೆ ನನಗೆ ಸಿಕ್ಕಿತು. ಅಪ್ಪ ಕೈ ತಟ್ಟೆಯಲ್ಲಿಟ್ಟುಕೊಂಡು ಕಾಯುತ್ತಿದ್ದ. ನಾನು ಕೂರುವ ತನಕ ಅವನು ಉಣ್ಣುವುದಿಲ್ಲ ಎಂದು ನನಗೆ ಗೊತ್ತಾಯಿತು. ತಟ್ಟೆ ತಂದು, ಅವನ ಎದುರು ಕೂತೆ.